ಆಂಗ್ಲಿಕನ್–ಮೆಥೊಡಿಸ್ಟ್ ಐಕ್ಯ: ಹಾಸನ, ಮೈಸೂರು ಸೀಮೆ

ಇಂಗ್ಲೆಂಡಿನಲ್ಲಿ ಹದಿನೆಂಟನೆಯ ಶತಮಾನದ ಕೊನೆಗೆ ಕವಲೊಡೆದ ಎರಡು ಪ್ರಾಟೆಸ್ಟೆಂಟ್ ಪಂಗಡಗಳು ದಕ್ಷಿಣ ಭಾರತದಲ್ಲಿ ಮತ್ತೆ ಒಂದೇ ಸಭೆಯಾದ ಬೆಳವಣಿಗೆ. 1947ರ ಸೆಪ್ಟೆಂಬರ್ 27ರಂದು ಮದ್ರಾಸಿನ ಸೇಂಟ್ ಜಾರ್ಜ್ ಕೆಥೀಡ್ರಲಿನಲ್ಲಿ ದಕ್ಷಿಣ ಭಾರತ ಸಭೆ (ಸಿ.ಎಸ್.ಐ.) ಉದ್ಘಾಟನೆಯಾದಾಗ ಇದು ಕೈಗೂಡಿತು. ಪ್ರೆಸ್ಬಿಟೀರಿಯನ್, ಕಾಂಗ್ರಿಗೇಷನಲ್ ಮತ್ತು ಬಾಸೆಲ್ ಮಿಶನ್ ಮೂಲದವರಿದ್ದ ದಕ್ಷಿಣ ಭಾರತ ಸಂಯುಕ್ತ ಸಭೆಯೂ ಇದರಲ್ಲಿ ಸೇರಿತು. ಹಾಸನದ ಮಟ್ಟಿಗೆ ಮಾತ್ರ ಇದನ್ನು ಮೆಥೊಡಿಸ್ಟರ ಕಡೆಯಿಂದ ನೋಡುವುದೇ ಸರಿ. ಇಲ್ಲಿನ ಪ್ರಾಟೆಸ್ಟೆಂಟ್ ಸಭೆಗಳ ಬೇರು ಇರುವುದು ಅಲ್ಲಿ.

ವೆಸ್ಲಿಯನ್ ಮೆಥೊಡಿಸ್ಟ್ ಮಿಶನರಿಗಳು 1821ರಲ್ಲಿ ಬೆಂಗಳೂರಿಗೆ ಬಂದು, 1837ರಲ್ಲಿ ಗುಬ್ಬಿಯಲ್ಲಿ ಕನ್ನಡದ ಕೆಲಸಕ್ಕೆ ನೆಲೆ ಹಾಕಿದರು. ಒಬ್ಬರ ಕ್ಷೇತ್ರದಲ್ಲಿ ಇನ್ನೊಬ್ಬರು ಕೈಹಾಕಬಾರದೆಂಬ ಒಡಂಬಡಿಕೆ ಮಿಶನ್‌ಗಳ ನಡುವೆ ಇತ್ತು. ಅದರಂತೆ ಮೈಸೂರು ಸಂಸ್ಥಾನದ ಬಹುಭಾಗ ವೆಸ್ಲಿಯನ್ನರ ಪಾಲಿಗೆ ಬಂತು. ಮಂಗಳೂರು, ಧಾರವಾಡದ ಕಡೆ ಬಾಸೆಲ್ ಮಿಶನ್ನಿನವರದು, ಬಳ್ಳಾರಿ ಲಂಡನ್ ಮಿಶನ್ನಿನವರದು. ಹಾಸನದ ರೆಡ್‌ಫರ್ನ್ ಆಸ್ಪತ್ರೆ, ಮೈಸೂರಿನ ಹೋಲ್ಡ್ಸ್‌ವರ್ತ್ ಆಸ್ಪತ್ರೆ ವೆಸ್ಲಿಯನ್ನರು ಕಟ್ಟಿದವು. ಆಂಗ್ಲಿಕನ್ನರು ಈ ಸೀಮೆಯಲ್ಲಿ ಹೆಚ್ಚಾಗಿ ಕಂಟೋನ್ಮೆಂಟಿನ ಸೈನಿಕರು ಮತ್ತು ಅಧಿಕಾರಿಗಳ ಜೊತೆ ಬಂದವರು. ಹೀಗಾಗಿ ಹಳ್ಳಿಯ ಕ್ರೈಸ್ತನಿಗೆ ತನ್ನ ಪಂಗಡ ಯಾವುದೆಂಬುದು ವಿಶ್ವಾಸದ ಆಯ್ಕೆಗಿಂತ ಭೂಗೋಳದ ವಿಷಯವಾಗಿತ್ತು. ಅವನ ಅಜ್ಜ ಮಂಗಳೂರಿನ ಕಡೆಯವನಾಗಿದ್ದರೆ ಅವನು ಬಾಸೆಲ್ ಮಿಶನ್ನಿನವನಾಗಿರುತ್ತಿದ್ದ, ಅಷ್ಟೆ.

ಐಕ್ಯದ ಮಾತು ಬಿಷಪ್ಪರ ಕೋಣೆಗಳಿಗಿಂತ ಮೊದಲು ಪಾಠಶಾಲೆಗಳಲ್ಲಿ ಮೊಳೆಯಿತು. 1910ರಲ್ಲಿ ಬೆಂಗಳೂರಿನ ಯುನೈಟೆಡ್ ಥಿಯಲಾಜಿಕಲ್ ಕಾಲೇಜನ್ನು ಹಲವು ಮಿಶನ್‌ಗಳು ಕೂಡಿ ತೆರೆದವು. ಕನ್ನಡದಲ್ಲಿ ಓದುವ ಉಪದೇಶಿಗಳಿಗಾಗಿ ತುಮಕೂರಿನಲ್ಲಿ ಜಂಟಿ ಸೆಮಿನರಿ ನಡೆಯಿತು. ಅದು 1965ರಲ್ಲಿ ಮಂಗಳೂರಿನ ಬಾಸೆಲ್ ಮಿಶನ್ ಸೆಮಿನರಿಯೊಡನೆ ಬೆರೆತು ಕರ್ನಾಟಕ ಥಿಯಲಾಜಿಕಲ್ ಕಾಲೇಜಾಯಿತು.

1919ರ ಮೇ ತಿಂಗಳಲ್ಲಿ ತರಂಗಂಬಾಡಿಯಲ್ಲಿ 33 ಮಂದಿ ಸೇರಿ ಐಕ್ಯಕ್ಕೆ ಕರೆಕೊಟ್ಟರು. ಇಬ್ಬರನ್ನು ಬಿಟ್ಟರೆ ಉಳಿದವರೆಲ್ಲ ಭಾರತೀಯರು. ಮುಂದಾಳು ದೋರ್ನಕಲ್ಲಿನ ಬಿಷಪ್ ವಿ.ಎಸ್. ಅಜರಯ್ಯ. ಯುರೋಪಿನ ಜಗಳಗಳು ತಮ್ಮವಲ್ಲ, ಅವನ್ನು ತಮ್ಮ ತಲೆಗೆ ಕಟ್ಟಲಾಗಿದೆ ಎಂಬುದು ಅವರ ಅಳಲು. ಅಲ್ಲಿಂದ ಉದ್ಘಾಟನೆಯವರೆಗೆ 28 ವರ್ಷ ಹಿಡಿಯಿತು. ಎಲ್ಲವೂ ಸಿಕ್ಕಿಕೊಂಡದ್ದು ಒಂದೇ ಕಡೆ, ಬಿಷಪ್ಪರ ವಿಚಾರದಲ್ಲಿ. ಅಪೊಸ್ತಲರ ಕಾಲದಿಂದ ಕೈಯಿಂದ ಕೈಗೆ ಬಂದ ಬಿಷಪ್ ಪರಂಪರೆಯಿಲ್ಲದೆ ಅಭಿಷೇಕವಿಲ್ಲ ಎಂಬುದು ಆಂಗ್ಲಿಕನ್ನರಲ್ಲಿ ಒಂದು ಬಣದ ನಿಲುವು. ಹಾಗಾದರೆ ಇಷ್ಟು ವರ್ಷ ಪ್ರಭುಭೋಜನ ಹಂಚಿದ ಮೆಥೊಡಿಸ್ಟ್ ಪಾದ್ರಿಗಳು ಪಾದ್ರಿಗಳೇ ಅಲ್ಲವೆ? ಅವರಿಗೆ ಮತ್ತೆ ಹಸ್ತನಿಕ್ಷೇಪ (ತಲೆಯ ಮೇಲೆ ಕೈಯಿಟ್ಟು ಮಾಡುವ ಅಭಿಷೇಕ) ಮಾಡಿಸಿದರೆ ಹಿಂದಿನದು ಪೊಳ್ಳೆಂದು ಒಪ್ಪಿದಂತೆ. ಬಿಟ್ಟರೆ ಇಂಗ್ಲೆಂಡಿನ ಆ ಬಣದವರ ವಿರೋಧ ಕಟ್ಟಿಟ್ಟ ಬುತ್ತಿ.

ಕೊನೆಗೆ ಹಿಡಿದ ದಾರಿ ಜಾಣತನದ್ದು. ಆಗ ಸೇವೆಯಲ್ಲಿದ್ದ ಎಲ್ಲ ಪಾದ್ರಿಗಳನ್ನೂ ಇದ್ದಂತೆಯೇ ಅಂಗೀಕರಿಸುವುದು, ಇನ್ನುಮುಂದೆ ಅಭಿಷೇಕವೆಲ್ಲ ಬಿಷಪ್ಪರ ಕೈಯಿಂದಲೇ ನಡೆಯುವುದು, 30 ವರ್ಷದ ನಂತರ ವಿಷಯವನ್ನು ಮತ್ತೆ ನೋಡುವುದು. ಜೊತೆಗೆ, ಯಾವ ಸಭೆಯ ಮೇಲೂ ಅದರ ಮನಸ್ಸಾಕ್ಷಿ ಒಪ್ಪದ ಪಾದ್ರಿಯನ್ನು ಹೇರುವುದಿಲ್ಲ ಎಂಬ ವಾಗ್ದಾನ. ಕಾಲವೇ ಸಮಸ್ಯೆಯನ್ನು ಕರಗಿಸಲಿ ಎಂಬ ಈ ಲೆಕ್ಕಾಚಾರಕ್ಕೆ ದೇವಶಾಸ್ತ್ರಕ್ಕಿಂತ ಹಳ್ಳಿ ಪಂಚಾಯಿತಿಯ ವಿವೇಕ ಹತ್ತಿರ. ಮೆಥೊಡಿಸ್ಟರು 1943ರಲ್ಲಿ, ಆಂಗ್ಲಿಕನ್ನರು 1945ರಲ್ಲಿ, ಸಂಯುಕ್ತ ಸಭೆಯವರು 1946ರಲ್ಲಿ ಒಪ್ಪಿದರು.

ಉದ್ಘಾಟನೆಯ ದಿನವೇ ಒಂಬತ್ತು ಹೊಸ ಬಿಷಪ್ಪರಿಗೆ ಅಭಿಷೇಕವಾಯಿತು. ಅವರಲ್ಲಿ ಮೈಸೂರಿನ ಪಿ. ಗುರುಶಾಂತ ಒಬ್ಬರು, ಮೆಥೊಡಿಸ್ಟ್ ಸಭೆಯಿಂದ ಬಂದ ಕನ್ನಡಿಗರು. ಬಿಷಪ್ ಪದವಿಯೇ ಇಲ್ಲದ ಪರಂಪರೆಯವರು ಮೈಸೂರು ಡಯೊಸಿಸ್ಸಿನ (ಬಿಷಪ್ಪರ ಆಡಳಿತ ಪ್ರಾಂತದ) ಮೊದಲ ಬಿಷಪ್ ಆದರು. ಅವರ ನಂತರ 1951ರಲ್ಲಿ ಆ ಸ್ಥಾನಕ್ಕೆ ಬಂದ ನಾರ್ಮನ್ ಸಾರ್ಜೆಂಟ್ ಕೂಡ ಮೆಥೊಡಿಸ್ಟ್ ಮಿಶನರಿಯೇ.

ಐಕ್ಯ ಜನರ ಕಣ್ಣಿಗೆ ಬಿದ್ದದ್ದು ಆರಾಧನೆಯಲ್ಲಿ. 1950ರಲ್ಲಿ ಸಿದ್ಧವಾದ ಹೊಸ ಪ್ರಭುಭೋಜನ ಕ್ರಮದಲ್ಲಿ ಪಾದ್ರಿ ಮೇಜಿನ ಹಿಂದೆ ಸಭೆಗೆ ಮುಖಮಾಡಿ ನಿಲ್ಲುತ್ತಾರೆ. ‘ಸಮಾಧಾನ’ ಕೊಡುವಾಗ ಒಬ್ಬರ ಜೋಡಿಸಿದ ಕೈಗಳನ್ನು ಇನ್ನೊಬ್ಬರು ತಮ್ಮ ಅಂಗೈಗಳ ನಡುವೆ ಹಿಡಿದುಕೊಳ್ಳುತ್ತಾರೆ; ಹೀಗೆ ಅದು ಸಾಲಿನಿಂದ ಸಾಲಿಗೆ ದಾಟುತ್ತದೆ. ಈ ರೂಢಿ ಬಂದದ್ದು ಲಂಡನ್ನಿನಿಂದಲ್ಲ, ಕೇರಳದ ಸಿರಿಯನ್ ಕ್ರೈಸ್ತರ ಪರಂಪರೆಯಿಂದ. ಮೆಥೊಡಿಸ್ಟರು ವರ್ಷಾರಂಭದಲ್ಲಿ ನಡೆಸುತ್ತಿದ್ದ ಒಡಂಬಡಿಕೆ ಆರಾಧನೆಗೂ ಸಿ.ಎಸ್.ಐ. ಪುಸ್ತಕದಲ್ಲಿ ಜಾಗ ಸಿಕ್ಕಿತು.

ಇಂಗ್ಲೆಂಡಿನ ಆಂಗ್ಲಿಕನ್ನರು 1955ರಲ್ಲಿ ಸಿ.ಎಸ್.ಐ.ಗೆ ಮಿತ ಮನ್ನಣೆಯನ್ನಷ್ಟೇ ಕೊಟ್ಟರು. ತಮ್ಮ ನೆಲದಲ್ಲಿ ಮೆಥೊಡಿಸ್ಟರೊಡನೆ ಒಂದಾಗುವ ಅವರ ಯೋಜನೆ 1969ರಲ್ಲೂ 1972ರಲ್ಲೂ ಮತದಾನದಲ್ಲಿ ಬಿದ್ದುಹೋಯಿತು. 2003ರ ಒಡಂಬಡಿಕೆಯೂ ಸಹಕಾರಕ್ಕೆ ಮಾತುಕೊಟ್ಟಿತೇ ಹೊರತು ಎರಡನ್ನೂ ಒಂದೇ ಸಭೆಯಾಗಿಸಲಿಲ್ಲ.

ಮೈಸೂರು ಡಯೊಸಿಸ್ ಮುಂದೆ ಮೂರಾಗಿ ಒಡೆದಾಗ ಹಾಸನವು ಕರ್ನಾಟಕ ದಕ್ಷಿಣ ಡಯೊಸಿಸ್ಸಿಗೆ ಸೇರಿತು. ಅದರ ಕೇಂದ್ರ ಮಂಗಳೂರಿನ ಬಲ್ಮಠ, ಹಳೆಯ ಬಾಸೆಲ್ ಮಿಶನ್ನಿನ ನೆಲೆ. ಹೀಗೆ ವೆಸ್ಲಿಯನ್ನರು ಕಟ್ಟಿದ ಸಭೆಗಳಿಗೆ ಬಿಷಪ್ ಈಗ ಘಟ್ಟದ ಕೆಳಗಿದ್ದಾರೆ.

ಕರ್ನಾಟಕದಲ್ಲಿ ಮೆಥೊಡಿಸ್ಟರೆಲ್ಲ ಸಿ.ಎಸ್.ಐ. ಸೇರಿದರೆಂದುಕೊಂಡರೆ ತಪ್ಪಾಗುತ್ತದೆ. ಕೋಲಾರ, ಬೀದರ, ಬೆಳಗಾವಿಗಳಲ್ಲಿ ಕೆಲಸ ಮಾಡಿದವರು ಅಮೆರಿಕದ ಮೆಥೊಡಿಸ್ಟ್ ಎಪಿಸ್ಕೋಪಲ್ ಸಭೆಯವರು. ಅವರಲ್ಲಿ ಮೊದಲಿನಿಂದ ಬಿಷಪ್ಪರಿದ್ದರೂ ಐಕ್ಯದಿಂದ ದೂರ ಉಳಿದರು. 1970ರಲ್ಲಿ ಉತ್ತರ ಭಾರತ ಸಭೆಯೊಡನೆ ಸೇರುವ ಮಾತುಕತೆಯಿಂದಲೂ ಕೊನೆಗಳಿಗೆಯಲ್ಲಿ ಹಿಂದೆ ಸರಿದರು. 1981ರಿಂದ ಅವರು ಭಾರತದ ಮೆಥೊಡಿಸ್ಟ್ ಸಭೆ ಎಂಬ ಸ್ವತಂತ್ರ ಸಂಸ್ಥೆ. ಜಾನ್ ವೆಸ್ಲಿಯೇ ಇಬ್ಬರಿಗೂ ಮೂಲಪುರುಷನಾದರೂ ಹಾಸನದವರು ಸಿ.ಎಸ್.ಐ., ಕೋಲಾರದವರು ಮೆಥೊಡಿಸ್ಟರು.