ಅಂತರರಾಷ್ಟ್ರೀಯ ವಿಮಾನ ಬದಲಾಯಿಸುವ ಪ್ರಯಾಣಿಕರಿಗೆ ವಲಸೆ ಮತ್ತು ಕಸ್ಟಮ್ಸ್ ತಪಾಸಣೆಯ ಮಾಹಿತಿ

ಬಳ್ಳಾರಿ ನಗರದ ಕಂಟೋನ್ಮೆಂಟ್ ಪ್ರದೇಶ ಹಾಗೂ ಸಿರುಗುಪ್ಪ, ಕುರುಗೋಡು ತಾಲ್ಲೂಕುಗಳಿಂದ ವಿದೇಶಕ್ಕೆ ತೆರಳುವ ನಾಗರಿಕರು ಸಾಮಾನ್ಯವಾಗಿ ಸುಮಾರು 300 ಕಿ.ಮೀ. ದೂರದ ಬೆಂಗಳೂರಿನ ಕೆಂಪೇಗೌಡ ಅಂತರರಾಷ್ಟ್ರೀಯ ವಿಮಾನ ನಿಲ್ದಾಣವನ್ನು ಅಥವಾ ಹೈದರಾಬಾದಿನ ರಾಜೀವ್ ಗಾಂಧಿ ಅಂತರರಾಷ್ಟ್ರೀಯ ವಿಮಾನ ನಿಲ್ದಾಣವನ್ನು ಅವಲಂಬಿಸಿರುತ್ತಾರೆ. ತೋರಣಗಲ್ಲು ಸಮೀಪದ ವಿದ್ಯಾನಗರ ವಿಮಾನ ನಿಲ್ದಾಣದಲ್ಲಿ ವಲಸೆ ತಪಾಸಣೆಯ ವ್ಯವಸ್ಥೆ ಇರುವುದಿಲ್ಲ. ಅನೇಕರು ದುಬೈ, ದೋಹಾ, ಲಂಡನ್ ಮುಂತಾದ ಕಡೆ ವಿಮಾನ ಬದಲಾಯಿಸಬೇಕಾಗುತ್ತದೆ. ಇಂತಹ ಪ್ರಯಾಣಿಕರು ಎಲ್ಲಿ ತಪಾಸಣೆಗೆ ಒಳಪಡಬೇಕು, ಸಾಮಾನನ್ನು ಎಲ್ಲಿ ಪಡೆಯಬೇಕು ಎಂಬ ವಿವರಗಳನ್ನು ಕೆಳಗೆ ನೀಡಲಾಗಿದೆ.

1. ಟಿಕೆಟ್ ಪಡೆಯುವ ಮುನ್ನ

ಸಂಪೂರ್ಣ ಪ್ರಯಾಣವು ಒಂದೇ ಟಿಕೆಟ್‌ನಲ್ಲಿದ್ದಲ್ಲಿ, ಸಾಮಾನ್ಯವಾಗಿ ಸಾಮಾನಿಗೆ ಅಂತಿಮ ಸ್ಥಳದವರೆಗೆ ಟ್ಯಾಗ್ ಹಾಕಲಾಗುತ್ತದೆ. ಎರಡು ಪ್ರತ್ಯೇಕ ಟಿಕೆಟ್‌ಗಳಿದ್ದಲ್ಲಿ, ಮಾರ್ಗಮಧ್ಯದಲ್ಲಿ ಸಾಮಾನನ್ನು ಹಿಂಪಡೆದು ಪುನಃ ಒಪ್ಪಿಸಬೇಕಾಗಬಹುದು. ಹೀಗೆ ಮಾಡಲು ಆ ದೇಶದೊಳಗೆ ಪ್ರವೇಶಿಸಬೇಕಾಗುವುದರಿಂದ ಅಲ್ಲಿನ ವೀಸಾ ಅವಶ್ಯಕವಾಗುತ್ತದೆ. ವೀಸಾ ಇಲ್ಲದವರನ್ನು ಬೆಂಗಳೂರಿನಲ್ಲಿಯೇ ವಿಮಾನ ಏರಲು ಬಿಡದಿರುವ ಸಂಭವವಿರುತ್ತದೆ. ಟಿಕೆಟ್ ದರ ಕಡಿಮೆ ಎಂಬ ಒಂದೇ ಕಾರಣಕ್ಕೆ ಪ್ರತ್ಯೇಕ ಟಿಕೆಟ್‌ಗಳನ್ನು ಪಡೆಯುವವರು ಈ ಅಂಶವನ್ನು ಗಮನಿಸತಕ್ಕದ್ದು.

2. ಮಾರ್ಗಮಧ್ಯದ ವಿಮಾನ ನಿಲ್ದಾಣದಲ್ಲಿ

ದುಬೈ, ದೋಹಾ, ಸಿಂಗಪುರ ಮುಂತಾದ ಕಡೆ ಒಂದೇ ಟಿಕೆಟ್‌ನ ಪ್ರಯಾಣಿಕರು ಭದ್ರತಾ ತಪಾಸಣೆಯ ನಂತರ ನೇರವಾಗಿ ಮುಂದಿನ ವಿಮಾನದ ದ್ವಾರಕ್ಕೆ ತೆರಳಬಹುದು. ನಿಲ್ದಾಣದಿಂದ ಹೊರಹೋಗದವರಿಗೆ ಅಲ್ಲಿ ವಲಸೆ ತಪಾಸಣೆ ಇರುವುದಿಲ್ಲ. ಆದರೆ ಎಲ್ಲ ದೇಶಗಳ ನಿಯಮ ಒಂದೇ ಆಗಿರುವುದಿಲ್ಲ.

ಅ) ಬ್ರಿಟನ್: ಇಲ್ಲಿ ವಿಮಾನ ಬದಲಾಯಿಸುವ ಭಾರತೀಯ ಪ್ರಜೆಗಳು ನಿಲ್ದಾಣದೊಳಗೇ ಇದ್ದರೂ ಟ್ರಾನ್ಸಿಟ್ ವೀಸಾ ಹೊಂದಿರಬೇಕು. ಅಮೆರಿಕ, ಕೆನಡಾ ಮುಂತಾದ ಕೆಲವು ದೇಶಗಳ ಸಿಂಧುವಾದ ವೀಸಾ ಉಳ್ಳವರಿಗೆ ಷರತ್ತಿಗೊಳಪಟ್ಟು ವಿನಾಯಿತಿ ಇದೆ.

ಆ) ಅಮೆರಿಕ: ಇಲ್ಲಿ ಇಳಿದು ಬೇರೊಂದು ದೇಶಕ್ಕೆ ತೆರಳುವವರಿಗೂ ಟ್ರಾನ್ಸಿಟ್ ವೀಸಾ ಅಥವಾ ಅಮೆರಿಕದ ಇತರ ಸೂಕ್ತ ವೀಸಾ ಬೇಕು. ಮೊದಲು ಇಳಿಯುವ ನಿಲ್ದಾಣದಲ್ಲಿಯೇ ವಲಸೆ ತಪಾಸಣೆ ನಡೆಯುತ್ತದೆ. ಉದಾಹರಣೆಗೆ, ಬೆಂಗಳೂರಿನಿಂದ ದುಬೈ ಹಾಗೂ ನ್ಯೂಯಾರ್ಕ್ ಮೂಲಕ ಡಲ್ಲಾಸ್‌ನಲ್ಲಿರುವ ಮಕ್ಕಳ ಮನೆಗೆ ತೆರಳುವ ಹಿರಿಯ ನಾಗರಿಕರಿಗೆ ದುಬೈನಲ್ಲಿ ಸಾಮಾನು ಪಡೆಯುವ ಅವಶ್ಯಕತೆ ಇರುವುದಿಲ್ಲ. ಟ್ಯಾಗ್‌ನಲ್ಲಿ ಡಲ್ಲಾಸ್ ಎಂದು ನಮೂದಾಗಿದ್ದರೂ, ಸಾಮಾನ್ಯವಾಗಿ ನ್ಯೂಯಾರ್ಕ್‌ನಲ್ಲಿ ಸಾಮಾನು ಪಡೆದು, ಕಸ್ಟಮ್ಸ್ ದಾಟಿ, ವಿಮಾನ ಸಂಸ್ಥೆಗೆ ಪುನಃ ಒಪ್ಪಿಸಬೇಕು. ಇದಕ್ಕೆ ಸಾಕಷ್ಟು ಸಮಯ ಇರುವಂತೆ ಮುಂದಿನ ವಿಮಾನವನ್ನು ಆಯ್ಕೆ ಮಾಡಿಕೊಳ್ಳುವುದು.

ಇ) ಅಬುಧಾಬಿ: 2014ರಿಂದ ಇಲ್ಲಿ ಅಮೆರಿಕದ ಪೂರ್ವ ತಪಾಸಣೆಯ ವ್ಯವಸ್ಥೆ ಇದೆ. ಇಲ್ಲಿ ತಪಾಸಣೆಗೆ ಒಳಪಟ್ಟವರು ಅಮೆರಿಕದಲ್ಲಿ ದೇಶೀಯ ಪ್ರಯಾಣಿಕರಂತೆ ಇಳಿಯುತ್ತಾರೆ.

3. ಸಾಮಾನಿನಲ್ಲಿ ಒಯ್ಯಬಾರದ ವಸ್ತುಗಳು

ನಮ್ಮ ಅಡುಗೆಮನೆಯ ಗಸಗಸೆಯು ಸಂಯುಕ್ತ ಅರಬ್ ಸಂಸ್ಥಾನ, ಸೌದಿ ಅರೇಬಿಯಾ ಮತ್ತು ಸಿಂಗಪುರಗಳಲ್ಲಿ ನಿಷೇಧಿತ ವಸ್ತುವಾಗಿದೆ. ಅಲ್ಲಿ ವಿಮಾನ ಬದಲಾಯಿಸುವವರೂ ಇದನ್ನು ಒಯ್ಯಬಾರದು. ಮಸಾಲೆ ಪುಡಿಯಲ್ಲಿ ಬೆರೆತಿದ್ದರೂ ತೊಂದರೆಯಾಗಬಹುದು. ಕೆಲವು ನೋವು ನಿವಾರಕ ಮಾತ್ರೆಗಳಿಗೂ ಕೊಲ್ಲಿ ರಾಷ್ಟ್ರಗಳಲ್ಲಿ ನಿರ್ಬಂಧವಿರುವುದರಿಂದ ವೈದ್ಯರ ಚೀಟಿಯನ್ನು ಹೊಂದಿರುವುದು ಸೂಕ್ತ. ಅಮೆರಿಕದಲ್ಲಿ ಹಣ್ಣು, ಬೀಜ, ಮಾಂಸ ಸೇರಿದಂತೆ ಎಲ್ಲ ಆಹಾರ ಪದಾರ್ಥಗಳನ್ನು ಘೋಷಿಸಬೇಕು. ತಪ್ಪಿದಲ್ಲಿ ದಂಡ ವಿಧಿಸಲಾಗುತ್ತದೆ. ಪರರು ನೀಡಿದ ಪೊಟ್ಟಣವನ್ನು ತೆರೆದು ನೋಡದೆ ಒಯ್ಯಬಾರದು.

4. ಭಾರತಕ್ಕೆ ಮರಳುವಾಗ

ಅ) ವಲಸೆ ತಪಾಸಣೆಯು ಭಾರತದಲ್ಲಿ ಮೊದಲು ಇಳಿಯುವ ನಿಲ್ದಾಣದಲ್ಲಿ ನಡೆಯುತ್ತದೆ. ದೆಹಲಿ ಅಥವಾ ಮುಂಬಯಿ ಮೂಲಕ ಬೆಂಗಳೂರಿಗೆ ಬರುವವರು ಸಾಮಾನ್ಯವಾಗಿ ಅಲ್ಲಿಯೇ ಸಾಮಾನು ಪಡೆದು, ಕಸ್ಟಮ್ಸ್ ತಪಾಸಣೆ ಮುಗಿಸಿ ದೇಶೀಯ ವಿಮಾನಕ್ಕೆ ಒಪ್ಪಿಸಬೇಕು.

ಆ) ಸುಂಕ ವಿಧಿಸಬಹುದಾದ ವಸ್ತುಗಳಿದ್ದಲ್ಲಿ ಕೆಂಪು ಮಾರ್ಗದಲ್ಲಿಯೂ, ಇಲ್ಲದಿದ್ದಲ್ಲಿ ಹಸಿರು ಮಾರ್ಗದಲ್ಲಿಯೂ ತೆರಳತಕ್ಕದ್ದು.

ಇ) ಒಂದು ವರ್ಷಕ್ಕಿಂತ ಹೆಚ್ಚು ಕಾಲ ವಿದೇಶದಲ್ಲಿ ನೆಲೆಸಿ ಮರಳುವ ಪುರುಷರಿಗೆ 20 ಗ್ರಾಂ, ಮಹಿಳೆಯರಿಗೆ 40 ಗ್ರಾಂ ಆಭರಣದವರೆಗೆ ಸುಂಕ ವಿನಾಯಿತಿ ಇದೆ. ಅಲ್ಪಾವಧಿಗೆ ಹೋಗಿ ಬರುವವರಿಗೆ ಈ ವಿನಾಯಿತಿ ಅನ್ವಯಿಸುವುದಿಲ್ಲ. ವಿಮಾನ ಬದಲಾಯಿಸುವಾಗ ದುಬೈ ನಿಲ್ದಾಣದಲ್ಲಿ ಕೊಂಡ ಚಿನ್ನವನ್ನೂ ಘೋಷಿಸಬೇಕು.

ಈ) ಸ್ವಂತ ಆಭರಣ ಒಯ್ಯುವವರು ಭಾರತದಿಂದ ಹೊರಡುವಾಗಲೇ ಕಸ್ಟಮ್ಸ್ ಅಧಿಕಾರಿಗಳಿಂದ ರಫ್ತು ಪ್ರಮಾಣಪತ್ರ ಪಡೆದುಕೊಂಡಲ್ಲಿ, ಮರಳುವಾಗ ಅವು ತಮ್ಮವೇ ಎಂದು ತೋರಿಸಲು ಅನುಕೂಲವಾಗುತ್ತದೆ.

5. ಕೈಚೀಲದಲ್ಲಿ ಇರಿಸಿಕೊಳ್ಳಬೇಕಾದವು

ಪಾಸ್‌ಪೋರ್ಟ್, ವೀಸಾ, ಎಲ್ಲ ವಿಮಾನಗಳ ಬೋರ್ಡಿಂಗ್ ಪಾಸ್, ಸಾಮಾನಿನ ಟ್ಯಾಗ್ ಚೀಟಿ, ತಂಗುವ ಸ್ಥಳದ ವಿಳಾಸ, ಔಷಧಿ ಮತ್ತು ವೈದ್ಯರ ಚೀಟಿ. ಇವುಗಳನ್ನು ಒಪ್ಪಿಸುವ ಸಾಮಾನಿನಲ್ಲಿ ಇರಿಸಬಾರದು.

ವಿ.ಸೂ.: ವೀಸಾ ಮತ್ತು ಸುಂಕದ ನಿಯಮಗಳು ಕಾಲಕಾಲಕ್ಕೆ ಬದಲಾಗುತ್ತವೆ. ಟಿಕೆಟ್ ಪಡೆಯುವ ಮುನ್ನ ಸಂಬಂಧಪಟ್ಟ ರಾಯಭಾರ ಕಚೇರಿ ಹಾಗೂ ವಿಮಾನ ಸಂಸ್ಥೆಯಿಂದ ಖಚಿತಪಡಿಸಿಕೊಳ್ಳಲು ಕೋರಲಾಗಿದೆ. ಸಾಮಾನನ್ನು ಒಪ್ಪಿಸುವಾಗ, ಅದು ಯಾವ ಊರಿನವರೆಗೆ ಹೋಗುತ್ತದೆ ಎಂಬುದನ್ನು ಕೌಂಟರ್‌ನಲ್ಲಿ ಕೇಳಿ ತಿಳಿದುಕೊಂಡೇ ಮುಂದುವರಿಯತಕ್ಕದ್ದು.