ಮೈಗೆ ಒಗ್ಗದ್ದನ್ನು ಹುಡುಕಿದ ಇನ್ನೂರು ವರ್ಷ

ಬದನೆಕಾಯಿ ತಿಂದರೆ ತುರಿಕೆ, ಹಳೆಯ ಜಮಖಾನ ಕೊಡವಿದರೆ ಸಾಲುಸಾಲು ಸೀನು. ನಮ್ಮ ಮನೆಗಳಲ್ಲಿ ಇದಕ್ಕೆಲ್ಲ ಒಂದೇ ಮಾತು: ‘ಮೈಗೆ ಒಗ್ಗಲಿಲ್ಲ’. ಒಗ್ಗದ್ದು ಏನು, ಏಕೆ ಎಂದು ತಿಳಿಯಲು ವೈದ್ಯವಿಜ್ಞಾನಕ್ಕೆ ಹೆಚ್ಚುಕಡಿಮೆ ಎರಡು ಶತಮಾನ ಹಿಡಿಯಿತು.

1819ರಲ್ಲಿ ಲಂಡನ್ನಿನ ವೈದ್ಯ ಜಾನ್ ಬೋಸ್ಟಾಕ್, ಪ್ರತಿ ಬೇಸಿಗೆಯಲ್ಲೂ ತಮ್ಮನ್ನು ಕಾಡುತ್ತಿದ್ದ ಕಣ್ಣುರಿ, ಸೀನು, ಉಬ್ಬಸಗಳನ್ನು ವೈದ್ಯರ ಸಭೆಯ ಮುಂದೆ ವಿವರಿಸಿದರು. ಅವರು ದೂರಿದ್ದು ಬಿಸಿಲನ್ನು. ಅದೇ ತೊಂದರೆಯಿದ್ದ ಮ್ಯಾಂಚೆಸ್ಟರಿನ ವೈದ್ಯ ಚಾರ್ಲ್ಸ್ ಬ್ಲ್ಯಾಕ್ಲಿ ತಮ್ಮ ಚರ್ಮ ಗೀರಿಕೊಂಡು ಹುಲ್ಲಿನ ಪರಾಗ ಹಚ್ಚಿದರು, ದದ್ದು ಎದ್ದಿತು. ಅಂಟು ಬಳಿದ ಗಾಜನ್ನು ಗಾಳಿಪಟಕ್ಕೆ ಕಟ್ಟಿ ಹಾರಿಸಿ, ಮೇಲಿನ ಗಾಳಿಯಲ್ಲೂ ಪರಾಗವಿದೆಯೆಂದು ತೋರಿಸಿದರು. ಅವರ ಪುಸ್ತಕ ಬಂದದ್ದು 1873ರಲ್ಲಿ.

ಕಾರಣ ಹೊರಗಿದೆ ಎಂಬ ನಂಬಿಕೆ ಅಲುಗಿದ್ದು 1902ರಲ್ಲಿ. ಫ್ರಾನ್ಸಿನ ಶಾರ್ಲ್ ರಿಶೆ ಮತ್ತು ಪಾಲ್ ಪೋರ್ಟಿಯೆ ಸಮುದ್ರಜೀವಿಯೊಂದರ ವಿಷವನ್ನು ನಾಯಿಗಳಿಗೆ ಕೊಟ್ಟು ನೋಡುತ್ತಿದ್ದರು. ಮೊದಲ ಸಲ ತಡೆದುಕೊಂಡ ನಾಯಿ, ವಾರಗಳ ನಂತರ ಅತ್ಯಲ್ಪ ಪ್ರಮಾಣಕ್ಕೇ ಸತ್ತಿತು. ದೇಹದ ರಕ್ಷಣೆಯೇ ತಿರುಗಿಬಿದ್ದಿತ್ತು! ಅನಾಫಿಲಾಕ್ಸಿಸ್ ಎಂದು ಹೆಸರಾದ ಈ ಶೋಧ ರಿಶೆ ಅವರಿಗೆ 1913ರ ನೊಬೆಲ್ ತಂದಿತು. ‘ಅಲರ್ಜಿ’ ಎಂಬ ಪದ ಕೊಟ್ಟವರು ವಿಯೆನ್ನಾದ ಮಕ್ಕಳ ವೈದ್ಯ ಕ್ಲೆಮೆನ್ಸ್ ವಾನ್ ಪಿರ್ಕೆ, 1906ರಲ್ಲಿ.

ತಿರುಗಿಬೀಳುವ ಆ ಅಂಶ ರಕ್ತದಲ್ಲೇ ಇದೆಯೆಂದು 1921ರಲ್ಲಿ ಜರ್ಮನಿಯಲ್ಲಿ ಗೊತ್ತಾಯಿತು. ಮೀನು ಒಗ್ಗದ ವೈದ್ಯ ಕ್ಯುಸ್ಟ್ನರ್ ಅವರ ರಕ್ತದ ಸೀರಮ್ಮನ್ನು ಅವರ ಜೊತೆಗಾರ ಪ್ರೌಸ್ನಿಟ್ಜ್ ತಮ್ಮ ಚರ್ಮಕ್ಕೆ ಚುಚ್ಚಿಕೊಂಡರು. ಮರುದಿನ ಅಲ್ಲಿಗೆ ಮೀನಿನ ಸಾರ ಚುಚ್ಚಿದಾಗ ಚರ್ಮ ಊದಿತು. 1960ರ ದಶಕದಲ್ಲಿ ಜಪಾನ್ ಮೂಲದ ಇಶಿಝಾಕಾ ದಂಪತಿ ಅಮೆರಿಕದಲ್ಲಿ, ಯೋಹಾನ್ಸನ್ ಮತ್ತು ಬೆನಿಕ್ ಸ್ವೀಡನ್ನಿನಲ್ಲಿ ಆ ಪ್ರತಿಕಾಯವನ್ನು ಗುರುತಿಸಿದರು. ಅದೇ ಐಜಿಇ. ಇದು ಚರ್ಮದ ಕೋಶಗಳಿಂದ ಹಿಸ್ಟಮೀನ್ ಎಂಬ ರಾಸಾಯನಿಕ ಬಿಡಿಸಿದರೆ ಪಿತ್ತದ ಗಂಧೆ, ಮೂಗಿನಲ್ಲಾದರೆ ನೆಗಡಿ, ಶ್ವಾಸನಾಳದಲ್ಲಾದರೆ ಆಸ್ತಮಾ. ಎಳವೆಯಲ್ಲಿ ಎಕ್ಸಿಮಾ ಇದ್ದ ಮಕ್ಕಳಲ್ಲಿ ಮುಂದೆ ಆಸ್ತಮಾ ಹೆಚ್ಚಾಗಿ ಕಾಣಿಸುವುದಕ್ಕೂ ಈ ಒಳನಂಟೇ ಒಂದು ಕಾರಣ.

ಎಲ್ಲ ಅಲರ್ಜಿಯೂ ಐಜಿಇಯದಲ್ಲ. ನಮ್ಮ ಹೊಲದ ಬದುಗಳ ಕಾಂಗ್ರೆಸ್ ಗಿಡ ರೈತರ ಮುಖ, ಕತ್ತು, ಕೈಗಳಲ್ಲಿ ಎಬ್ಬಿಸುವ ಉರಿಯೂತಕ್ಕೆ ಮುಖ್ಯವಾಗಿ ದೇಹದ ರಕ್ಷಣಾ ಪಡೆಯ ಟಿ ಕೋಶಗಳು ಹೊಣೆ.

ತಡೆಯುವ ದಾರಿಯೂ ಬದಲಾಗಿದೆ. ಶೇಂಗಾವನ್ನು ಮಕ್ಕಳಿಂದ ದೂರವಿಡಿ ಎಂಬ ಸಲಹೆಯನ್ನು 2015ರ ಲಂಡನ್ ಅಧ್ಯಯನ ತಲೆಕೆಳಗು ಮಾಡಿತು. ಅಪಾಯದ ಅಂಚಿನಲ್ಲಿದ್ದ 640 ಶಿಶುಗಳ ಪೈಕಿ, ಮೊದಲ ವರ್ಷದಿಂದಲೇ ಶೇಂಗಾ ತಿಂದವರಲ್ಲಿ ಅದರ ಅಲರ್ಜಿ ಶೇ. 80ರಷ್ಟು ಕಡಿಮೆಯಾಗಿತ್ತು.

ಬೆಂಗಳೂರು–ಮೈಸೂರು ಭಾಗದ ವಯಸ್ಕರ ಅಧ್ಯಯನವೊಂದು 2016ರಲ್ಲಿ ಮತ್ತೊಂದು ಪಾಠ ಕಲಿಸಿತು. ಶೇ. 26.5 ಜನರ ರಕ್ತದಲ್ಲಿ ಯಾವುದಾದರೊಂದು ಆಹಾರದ ವಿರುದ್ಧ ಐಜಿಇ ಇತ್ತು. ಆಹಾರದ ಅಲರ್ಜಿ ಇದ್ದಿರಬಹುದಾದವರು ಶೇ. 1.2 ಮಾತ್ರ. ಹಾಗಾಗಿ ರಕ್ತಪರೀಕ್ಷೆಯ ಹಾಳೆಯೊಂದನ್ನೇ ನಂಬಿ ಮಕ್ಕಳ ತಟ್ಟೆಯಿಂದ ಹಾಲು, ಮೊಟ್ಟೆ, ಬೇಳೆ ತೆಗೆಯಬೇಡಿ, ತಜ್ಞರನ್ನು ಕೇಳಿ. ಆದರೆ ಊಟ, ಔಷಧಿ ಅಥವಾ ಜೇನುನೊಣದ ಕಡಿತದ ಬೆನ್ನಲ್ಲೇ ತುಟಿ ಊದಿ ಉಸಿರು ಕಟ್ಟಿದರೆ ಮನೆಮದ್ದಿಗೆ ಹೊತ್ತು ಕಳೆಯದೆ ಆಸ್ಪತ್ರೆಗೆ ಓಡಿ. ಅಲ್ಲಿ ಮೊದಲು ಬೇಕಾದದ್ದು ಅಡ್ರಿನಲಿನ್ ಚುಚ್ಚುಮದ್ದು.