ಸಿಡಿ-ಆರ್ (ಕಾರ್ ಸ್ಟೀರಿಯೊ ಬಳಕೆ)

ಸಿಡಿ-ಆರ್ ಎಂಬುದು ಕಂಪ್ಯೂಟರಿನಲ್ಲಿ ಒಂದೇ ಬಾರಿ ಬರೆಯಬಹುದಾದ, ಮನೆಯಲ್ಲಿ ನಕಲು ಮಾಡಿಕೊಂಡ ಹಾಡುಗಳನ್ನು ಕಾರ್ ಸ್ಟೀರಿಯೊದಲ್ಲಿ ಕೇಳಲು ವ್ಯಾಪಕವಾಗಿ ಬಳಕೆಯಾದ ಸಿಡಿಯ ಒಂದು ಬಗೆ. ಫಿಲಿಪ್ಸ್ ಮತ್ತು ಸೋನಿ ಕಂಪನಿಗಳ 'ಆರೆಂಜ್ ಬುಕ್' ಮಾನಕ (1990) ಇದರ ಆಧಾರ. ಕಾರ್ಖಾನೆಯಲ್ಲಿ ಅಚ್ಚೊತ್ತಿದ ಸಿಡಿಯಲ್ಲಿ ಗುಳಿಗಳಿದ್ದರೆ, ಇದರಲ್ಲಿ ಸಾವಯವ ಬಣ್ಣದ ಪದರವಿರುತ್ತದೆ. ಬರೆಯುವ ಲೇಸರ್ ತಾಗಿದ ಕಡೆ ಪ್ರತಿಫಲನ ಕುಗ್ಗುತ್ತದೆ.

ಹಳೆಯ ಸ್ಟೀರಿಯೊಗಳು ಆಡಿಯೊ ಸಿಡಿಯನ್ನು ಮಾತ್ರ ಓದುತ್ತವೆ: ಸೆಕೆಂಡಿಗೆ 44,100 ಮಾದರಿ, 16 ಬಿಟ್, ಎರಡು ಚಾನೆಲ್. ಎಂಪಿ3 ಕಡತಗಳನ್ನು ಹಾಗೆಯೇ ತುಂಬಿದ ಡೇಟಾ ಸಿಡಿ ಅವುಗಳಲ್ಲಿ ಹಾಡದು. ತಂತ್ರಾಂಶದಲ್ಲಿ 'ಆಡಿಯೊ ಸಿಡಿ' ಆಯ್ದರೆ ಕಡತಗಳು ಈ ರೂಪಕ್ಕೆ ಬದಲಾಗುತ್ತವೆ. 700 ಮೆಗಾಬೈಟ್ ತಟ್ಟೆಯಲ್ಲಿ ಆಗ ಹಿಡಿಯುವುದು 80 ನಿಮಿಷದ ಸಂಗೀತ. ಕೊನೆಗೆ ಫೈನಲೈಸ್ ಮಾಡದಿದ್ದರೆ ಹಾಡುಗಳ ಸೂಚಿ ದಾಖಲಾಗದೆ, ಸ್ಟೀರಿಯೊ ತಟ್ಟೆಯನ್ನು ಗುರುತಿಸುವುದೇ ಇಲ್ಲ. ಮತ್ತೆ ಮತ್ತೆ ಬರೆಯಬಲ್ಲ ಸಿಡಿ-ಆರ್‌ಡಬ್ಲ್ಯೂ ಬೆಳಕಿನ ಶೇ. 15–25ರಷ್ಟನ್ನೇ ಪ್ರತಿಫಲಿಸುವುದರಿಂದ ಹಳೆಯ ಪ್ಲೇಯರುಗಳಿಗೆ ಒಗ್ಗದು. ಅಂಟಿಸಿದ ಕಾಗದದ ಲೇಬಲ್ ಬಿಸಿಲಿಗೆ ಕಾದ ಕಾರಿನಲ್ಲಿ ಅಂಚು ಎದ್ದು ಒಳಗೆ ಸಿಕ್ಕಿಕೊಳ್ಳಬಹುದು. ಮಾರ್ಕರ್ ಪೆನ್ನಿನ ಬರಹವೇ ಲೇಸು. ಎಂಪಿ3 ಓದುವ ಸ್ಟೀರಿಯೊ, ಅನಂತರ ಯುಎಸ್‌ಬಿ, ಬ್ಲೂಟೂತ್ ಬಂದಂತೆ ಇದರ ಬಳಕೆ ಇಳಿಯಿತು.